ಬೆಳಿಗ್ಗೆ ದಾಖಲಾಗಿ ಸಂಜೆ ಮನೆಗೆ ಮರಳುವ ಗರ್ಭಪಾತ: ಆ ಒಂದು ದಿನ ಏನೇನು ನಡೆಯುತ್ತದೆ?

ಹೆಸರು ಬೇಡ, ಬೇಲೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಬಳಿಯೂ ಬಾಯಿಬಿಟ್ಟು ಕೇಳಲಾಗದ ವಿಷಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನಗೆ 31 ವರ್ಷ. ಮಗಳು ಒಂದನೇ ತರಗತಿಯಲ್ಲಿ ಓದುತ್ತಿದ್ದಾಳೆ, ಮಗನಿಗೆ ಒಂದು ವರ್ಷ ಐದು ತಿಂಗಳು. ಅವನದು ಸಿಸೇರಿಯನ್ ಹೆರಿಗೆ, ಇನ್ನೂ ಎದೆಹಾಲು ಬಿಟ್ಟಿಲ್ಲ. ಹಾಲುಣಿಸುವಾಗ ಮುಟ್ಟು ಹಿಂದುಮುಂದಾಗುವುದು ಸಹಜವೆಂದು ಸುಮ್ಮನಿದ್ದೆ. ಕೊನೆಗೆ ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ 9 ವಾರ 4 ದಿನ ಎಂದು ಬಂತು. ನಾನೂ ನಮ್ಮ ಯಜಮಾನರೂ ಕೂತು ಮಾತನಾಡಿ, ಈಗ ಮೂರನೆಯ ಮಗು ಬೇಡವೆಂದು ತೀರ್ಮಾನಿಸಿದ್ದೇವೆ. ಆ ತೀರ್ಮಾನದಲ್ಲಿ ನನಗೆ ಸಂಶಯವಿಲ್ಲ, ಆದ್ದರಿಂದ ದಯವಿಟ್ಟು ಅದರ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ.

ಮಾತ್ರೆ ಕೊಡುವ ಅವಧಿ ಮೀರಿದೆ, ವ್ಯಾಕ್ಯೂಮ್‌ನಿಂದ ತೆಗೆಯುತ್ತೇವೆ, ಬೆಳಿಗ್ಗೆ ಬಂದರೆ ಸಂಜೆ ಹೋಗಬಹುದು ಎಂದು ಡಾಕ್ಟರು ಹೇಳಿ ಗುರುವಾರಕ್ಕೆ ಬರಲು ತಿಳಿಸಿದರು. ಹೊರಗೆ ತುಂಬಾ ಜನ ಕಾಯುತ್ತಿದ್ದುದರಿಂದ ತಲೆಯಾಡಿಸಿ ಎದ್ದು ಬಂದೆ. ಬಸ್ಸು ಹತ್ತಿದ ಮೇಲೆ ಒಂದೊಂದೇ ಪ್ರಶ್ನೆ ಏಳತೊಡಗಿತು. ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆಯೇ? ಎಷ್ಟು ಹೊತ್ತು ಹಿಡಿಯುತ್ತದೆ, ನೋವು ಎಷ್ಟಿರುತ್ತದೆ? ಅದೇ ದಿನ ಮಗನಿಗೆ ಹಾಲು ಕೊಡಬಹುದೇ, ಅವನನ್ನು ಎತ್ತಿಕೊಳ್ಳಬಹುದೇ? ಯಜಮಾನರು ತೋಟದ ಕೆಲಸಕ್ಕೆ ರಜೆ ಸಿಗದೆ ಬರಲಾಗದಿದ್ದರೆ ಅವರ ಸಹಿಯಿಲ್ಲದೆ ಮಾಡುವುದಿಲ್ಲವೇ? ಇದಕ್ಕಿಂತ ಹೆಚ್ಚಾಗಿ, ಗರ್ಭಕೋಶವನ್ನು ಕೆರೆದು ತೆಗೆಯುತ್ತಾರೆ, ಆಮೇಲೆ ಜೀವನವಿಡೀ ಹೊಟ್ಟೆನೋವು ತಪ್ಪದು ಎಂದು ನೆರೆಯವರೊಬ್ಬರು ಬೇರೆ ಯಾರದೋ ವಿಷಯದಲ್ಲಿ ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. ಸ್ಕ್ಯಾನಿಂಗ್ ವರದಿಯನ್ನು ಮಗಳ ಹಳೆಯ ಪುಸ್ತಕದ ಬೈಂಡಿನೊಳಗೆ ಮಡಚಿಟ್ಟಿದ್ದೇನೆ. ಬಲ್ಲವರು ಆ ದಿನ ಹೇಗಿರುತ್ತದೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಸಕಲೇಶಪುರದವಳು

ತಂಗಿ, ನಾಲ್ಕು ವರ್ಷಗಳ ಹಿಂದೆ ನಾನೂ ಹತ್ತು ವಾರಕ್ಕೆ ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಮಾಡಿಸಿಕೊಂಡೆ. ನೆನಪಿರುವಷ್ಟನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹಿಂದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನಬೇಡಿ ಎಂದಿದ್ದರು. ಬೆಳಿಗ್ಗೆ ಏಳೂವರೆಗೆ ಹೋದಾಗ ಬಿ.ಪಿ. ನೋಡಿ, ಕೈಗೆ ಸೂಜಿ ಹಾಕಿ, ನಾಲಿಗೆಯ ಕೆಳಗೆ ಎರಡು ಮಾತ್ರೆ ಇಟ್ಟರು. ಅವು ಸೀಮೆಸುಣ್ಣದ ಪುಡಿಯ ಹಾಗೆ ನಿಧಾನವಾಗಿ ಕರಗುತ್ತವೆ. ಅರ್ಧ ಗಂಟೆಯಲ್ಲಿ ಮೈ ನಡುಗತೊಡಗಿತು, ಹಲ್ಲು ಕಟಕಟ ಎನ್ನುವಷ್ಟು ಚಳಿ. ಹೊಟ್ಟೆ ಹಿಂಡತೊಡಗಿ, ಒಂದೆರಡು ಬಾರಿ ಭೇದಿಯೂ ಆಯಿತು. ಏನೋ ಕೆಟ್ಟಿದೆ ಎಂದುಕೊಂಡು ನಾನು ಅತ್ತುಬಿಟ್ಟೆ. ಅದು ಮಾತ್ರೆಯ ಗುಣ, ಎಲ್ಲರಿಗೂ ಸ್ವಲ್ಪ ಹೆಚ್ಚು ಕಡಿಮೆ ಹೀಗಾಗುತ್ತದೆ ಎಂದು ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಇಡೀ ದಿನದಲ್ಲಿ ಕಷ್ಟದ ಹೊತ್ತೆಂದರೆ ನನಗೆ ಆ ಎರಡು ಗಂಟೆಯೇ. ಒಂದು ದಪ್ಪ ಶಾಲು, ಕಾಲುಚೀಲ ತೆಗೆದುಕೊಂಡು ಹೋಗಿ.

ಥಿಯೇಟರಿನ ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು. ಅರಿವಳಿಕೆಯ ಡಾಕ್ಟರು ಊರು ಯಾವುದು ಎಂದು ಕೇಳಿದರು, ಉತ್ತರ ಮುಗಿಯುವುದರೊಳಗೆ ನಿದ್ದೆ. ಕಣ್ಣು ಬಿಟ್ಟಾಗ ಅದೇ ಗಡಿಯಾರದಲ್ಲಿ ಹತ್ತೂವರೆ. ಮುಗಿದಿದೆ ಎಂದು ನರ್ಸ್ ಹೇಳಿದರೂ ನಾನು ನಂಬದೆ ಎರಡು ಬಾರಿ ಕೇಳಿದೆ. ನೋವು ಮುಟ್ಟಿನ ಎರಡನೆಯ ದಿನದಷ್ಟಿತ್ತು, ಒಂದು ಮಾತ್ರೆಗೆ ತಗ್ಗಿತು. ಹನ್ನೆರಡಕ್ಕೆ ಕಾಫಿ, ಬ್ರೆಡ್ಡು, ಆಮೇಲೆ ಇಡ್ಲಿ. ಮೂತ್ರ ಸರಿಯಾಗಿ ಹೋಯಿತೇ, ಪ್ಯಾಡಿನಲ್ಲಿ ಎಷ್ಟು ರಕ್ತವಿದೆ ಎಂದು ನೋಡಿ ನಾಲ್ಕು ಗಂಟೆಗೆ ಕಳುಹಿಸಿದರು. ಆಲೂರು ದಾಟುವಾಗ ನನಗೆ ಚೆನ್ನಾಗಿ ಹಸಿವಾಗಿತ್ತು.

ರಕ್ತ ಆರು ದಿನ ಹೋಯಿತು. ಮೂರನೆಯ ದಿನ ಕಾರಣವಿಲ್ಲದೆ ಅಳು ಬಂತು. ನಿಮ್ಮ ಹಾಗೆಯೇ ನನಗೂ ತೀರ್ಮಾನದಲ್ಲಿ ಸಂಶಯವಿರಲಿಲ್ಲ, ಆದರೂ ಬಂತು, ಎರಡು ದಿನದಲ್ಲಿ ಹೋಯಿತು. ಒಂದೇ ಒಂದು ವಿಷಯ ಇಂದಿಗೂ ನೋಯಿಸುತ್ತದೆ. ವಾರ್ಡಿನಲ್ಲಿ ಎಲ್ಲರ ಎದುರಿಗೆ ಒಬ್ಬರು, ‘ಅಬಾರ್ಷನ್ ಕೇಸ್ ಯಾರು?’ ಎಂದು ಜೋರಾಗಿ ಕೂಗಿದರು. ನನಗೆ ಒಂದು ಹೆಸರಿದೆ, ಆ ಹೆಸರಿನಿಂದ ಕರೆಯಬಹುದಿತ್ತು.

ನಿವೃತ್ತ ಸ್ಟಾಫ್ ನರ್ಸ್, ಹಾಸನ

ತಾಯಿ, ಥಿಯೇಟರಿನಲ್ಲಿ ಅನೇಕ ವರ್ಷ ಕೆಲಸ ಮಾಡಿದ್ದೇನೆ. ಮೇಲೆ ಬರೆದ ಸೋದರಿಯ ವಿವರಣೆ ಸರಿಯಾಗಿದೆ. ಅವರು ನಿದ್ದೆಯಲ್ಲಿದ್ದಾಗ ನಡೆದದ್ದೇನು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ನೆರೆಯವರು ಹೇಳಿದ ‘ಕೆರೆಯುವ’ ಮಾತಿಗೆ ಉತ್ತರ ಅಲ್ಲಿಯೇ ಇದೆ.

ನಮ್ಮ ಕಡೆ ಎಲ್ಲದಕ್ಕೂ ಡಿ ಅಂಡ್ ಸಿ, ಕ್ಲೀನಿಂಗ್ ಎನ್ನುವ ರೂಢಿಯಿದೆ. ಹಿಂದೆ ಚಮಚೆಯಂಥ ಲೋಹದ ಸಲಕರಣೆಯಿಂದ ಗರ್ಭಕೋಶದ ಒಳಪದರವನ್ನು ಕೆರೆದು ತೆಗೆಯುತ್ತಿದ್ದುದು ನಿಜ. ಅದನ್ನು ಬಿಟ್ಟು ಹೀರುವ ವಿಧಾನವನ್ನೇ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ನಿಮಗೆ ಹೇಳಿರುವ ವ್ಯಾಕ್ಯೂಮ್ ಎಂದರೆ ಇದೇ. ನಾಲಿಗೆಯ ಕೆಳಗಿನ ಮಾತ್ರೆ ಮಿಸೊಪ್ರೊಸ್ಟಾಲ್. ಅದು ಗರ್ಭಕೊರಳನ್ನು ಮೃದುಮಾಡಿ ಸ್ವಲ್ಪ ತೆರೆಯುತ್ತದೆ. ಆ ದಾರಿಯಲ್ಲಿ ಹೆಚ್ಚುಕಡಿಮೆ ಬರೆಯುವ ಪೆನ್ನಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆಯನ್ನು ಒಳಗಿಟ್ಟು, ಕೈಯಿಂದ ಎಳೆಯುವ ದೊಡ್ಡ ಸಿರಿಂಜಿನಿಂದಾಗಲಿ ವಿದ್ಯುತ್ ಯಂತ್ರದಿಂದಾಗಲಿ ಹೀರಿ ತೆಗೆಯುತ್ತಾರೆ. ಈ ಭಾಗಕ್ಕೆ ಹಿಡಿಯುವುದು ಐದರಿಂದ ಹದಿನೈದು ನಿಮಿಷ. ಎಲ್ಲಿಯೂ ಕೊಯ್ಯುವುದಿಲ್ಲ, ಹೊಲಿಗೆ ಇರುವುದಿಲ್ಲ. ಆಮೇಲೆ ಹೊರಬಂದದ್ದನ್ನು ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು, ಎಲ್ಲವೂ ಪೂರ್ತಿಯಾಗಿ ಬಂದಿದೆಯೇ ಎಂದು ನೋಡಬೇಕು. ಆ ಜಾಲರಿಯನ್ನು ದೀಪದ ಕೆಳಗೆ ಹಿಡಿದು ಡಾಕ್ಟರಿಗೆ ತೋರಿಸುವ ಕೆಲಸ ನನ್ನದಾಗಿತ್ತು, ಅವರು ತಲೆಯಾಡಿಸುವವರೆಗೆ ನಾವು ಯಾರನ್ನೂ ಮೇಜಿನಿಂದ ಇಳಿಸುತ್ತಿರಲಿಲ್ಲ.

ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕೆಂದಿಲ್ಲ. ಗರ್ಭಕೊರಳಿನ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ನೋವಿನ ಮಾತ್ರೆಯೊಂದಿಗೆ ಎಚ್ಚರದಲ್ಲಿಯೇ ಮಾಡುವುದುಂಟು; ಆಗ ಒಂದೆರಡು ನಿಮಿಷ ಬಲವಾಗಿ ಹಿಂಡಿದಂತಾಗುತ್ತದೆ, ಆದರೆ ಬೇಗ ಚೇತರಿಸಿಕೊಳ್ಳುತ್ತೀರಿ. ನಿದ್ದೆ ಬರಿಸುವುದಾದರೆ ಆರು ಗಂಟೆ ಮೊದಲಿನಿಂದ ಊಟ ತಿಂಡಿ ಹಾಲು ಬೇಡ. ನೀರಿನ ಬಗ್ಗೆ ಅವರು ಹೇಳಿದಂತೆ ಮಾಡಿ. ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ನಿಮ್ಮ ವಿಷಯದಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಸಿಸೇರಿಯನ್ ಆಗಿದೆ ಎಂಬುದನ್ನು, ಚೀಟಿಯಲ್ಲಿ ಬರೆದಿದ್ದರೂ, ಗುರುವಾರ ಮತ್ತೊಮ್ಮೆ ಬಾಯಿಬಿಟ್ಟು ಹೇಳಿ. ಅದರಿಂದ ಈ ಚಿಕಿತ್ಸೆಗೆ ಅಡ್ಡಿಯಿಲ್ಲ, ಆದರೆ ಗರ್ಭ ಹಳೆಯ ಹೊಲಿಗೆಯ ಜಾಗದಲ್ಲಿ ಕೂತಿಲ್ಲವೆಂದು ಸ್ಕ್ಯಾನಿಂಗಿನಲ್ಲಿ ಖಚಿತವಾಗಿರಬೇಕು. ಇನ್ನೊಂದು ರಕ್ತದ ಗುಂಪು. ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಕೇಳಿ. ನಮ್ಮಲ್ಲಿ ಸಾಮಾನ್ಯವಾಗಿ 72 ಗಂಟೆಯೊಳಗೆ ಕೊಡುತ್ತಾರೆ. ತಾಯಿ ಕಾರ್ಡ್ ಇದ್ದರೆ ಜೊತೆಯಲ್ಲಿರಲಿ.

ಹಾಲಿನ ಪ್ರಶ್ನೆಗೆ: ಇಂಥ ಚಿಕ್ಕ ಅರಿವಳಿಕೆಗೆ ಸಾಮಾನ್ಯವಾಗಿ ಬಳಸುವ ಔಷಧಿಗಳು ದೇಹದಿಂದ ಬೇಗ ಇಳಿದುಹೋಗುತ್ತವೆ. ಚೆನ್ನಾಗಿ ಎಚ್ಚರವಾಗಿ, ಮಗುವನ್ನು ಭದ್ರವಾಗಿ ಹಿಡಿಯಬಲ್ಲಿರಾದರೆ ಅದೇ ಸಂಜೆ ಹಾಲು ಕೊಡಬಹುದು. ಹಾಲುಣಿಸುತ್ತಿದ್ದೇನೆ ಎಂದು ಅರಿವಳಿಕೆಯ ಡಾಕ್ಟರಿಗೆ ತಿಳಿಸಿರಿ. ಎತ್ತಿಕೊಳ್ಳುವುದನ್ನು ಮಾತ್ರ ಮಾರನೆಯ ದಿನದವರೆಗೆ ಬಿಡಿ, ತಲೆಸುತ್ತು ಬಂದರೆ ಇಬ್ಬರೂ ಬೀಳುತ್ತೀರಿ.

ರಕ್ತ ಒಂದೆರಡು ವಾರ, ನಿಂತು ನಿಂತು ಹೋಗಬಹುದು. ಬಟ್ಟೆಯಲ್ಲ, ಪ್ಯಾಡ್ ಬಳಸಿ. ಎಷ್ಟು ಹೋಗುತ್ತಿದೆ ಎಂದು ಲೆಕ್ಕ ಸಿಗುವುದು ಅದರಿಂದಲೇ. ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ಪೂರ್ತಿ ತೊಯ್ದರೆ, ಜ್ವರ 100.4 ಡಿಗ್ರಿ ದಾಟಿದರೆ, ಕೆಟ್ಟ ವಾಸನೆಯ ಸ್ರಾವವಾದರೆ, ಮಾತ್ರೆಗೂ ಬಗ್ಗದ ಹೊಟ್ಟೆನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಒಳಗೆ ಚೂರು ಉಳಿಯುವುದು, ಸೋಂಕಾಗುವುದು ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ, ಬೇಗ ಬಂದರೆ ಎರಡಕ್ಕೂ ಚಿಕಿತ್ಸೆಯಿದೆ. ಗರ್ಭಕೋಶಕ್ಕೆ ಗಾಯವಾಗುವುದು ಬಹಳ ಅಪರೂಪ. ಸರಿಯಾದ ಜಾಗದಲ್ಲಿ ಸರಿಯಾಗಿ ಮಾಡಿಸಿಕೊಂಡರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ. ಮನೆಯಲ್ಲಿ ಗರ್ಭ ಪರೀಕ್ಷೆಯ ಕಿಟ್ ಹಾಕಿ ನೋಡಬೇಡಿ, ಕೆಲವು ವಾರಗಳವರೆಗೆ ಅದು ಎರಡು ಗೆರೆಯನ್ನೇ ತೋರಿಸಬಹುದು.

ವಕೀಲೆ, ಚಿಕ್ಕಮಗಳೂರು

ಸಹಿಯ ವಿಷಯಕ್ಕಷ್ಟೇ ಉತ್ತರಿಸುತ್ತೇನೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಪ್ರಕಾರ 18 ವರ್ಷ ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಗಂಡನದಾಗಲಿ ಅತ್ತೆಮಾವಂದಿರದಾಗಲಿ ಒಪ್ಪಿಗೆಯನ್ನು ಕಾನೂನು ಕೇಳುವುದಿಲ್ಲ. ಆ ಒಪ್ಪಿಗೆಗೆಂದೇ ‘ನಮೂನೆ ಸಿ’ ಇದೆ, ಅದರಲ್ಲಿ ನೀವು ಸಹಿ ಮಾಡುತ್ತೀರಿ. ಅರಿವಳಿಕೆ ಕೊಡುವಾಗ ಜೊತೆಗೆ ಬಂದವರ ಸಹಿಯನ್ನೂ ಹಾಕಿಸಿಕೊಳ್ಳುವ ರೂಢಿ ಅನೇಕ ಕಡೆ ಇದೆ. ಅದಕ್ಕೆ ನಿಮ್ಮ ಅಕ್ಕನೋ ಗೆಳತಿಯೋ ಇದ್ದರೂ ಆದೀತು. ಗಂಡನೇ ಬರಬೇಕೆಂದು ಪಟ್ಟು ಹಿಡಿದರೆ, ಕಾಯಿದೆಯ ಯಾವ ಸೆಕ್ಷನ್ ಹಾಗೆ ಹೇಳುತ್ತದೆ ಎಂದು ನಯವಾಗಿ ಕೇಳಿ.

20 ವಾರದೊಳಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಕಾನೂನು ಒಪ್ಪುವ ಕಾರಣವೇ, ಮತ್ತು 2021ರ ತಿದ್ದುಪಡಿಯ ನಂತರ ಅದಕ್ಕೆ ಮದುವೆಯಾಗಿರಬೇಕೆಂಬ ಷರತ್ತಿಲ್ಲ. ಕಾಯಿದೆಯಡಿಯ ನಿಯಮಗಳಲ್ಲಿ ಹೆಸರಿಸಿದ ಕೆಲವು ಸಂದರ್ಭಗಳಿಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಅವಧಿ 24 ವಾರದವರೆಗೆ ಇದೆ. ಅಲ್ಲಿಯೂ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿದೆ. ಇದನ್ನು ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗಾಗಿ ಬರೆದೆ.

ಸಕಲೇಶಪುರದ ಸೋದರಿಗೆ ಆದದ್ದು ಸಣ್ಣ ವಿಷಯವಲ್ಲ. ಗರ್ಭಪಾತ ಮಾಡಿಸಿಕೊಂಡವರ ಹೆಸರು ವಿವರಗಳನ್ನು, ಕಾನೂನಿನ ಅಧಿಕಾರವಿರುವವರಿಗೆ ಹೊರತು, ಬೇರೆಯವರಿಗೆ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ ಆಗಬಹುದೆಂದು 2021ರಲ್ಲಿ ಸೇರಿಸಿದ ಸೆಕ್ಷನ್ ಹೇಳುತ್ತದೆ. ಖಾಸಗಿ ಆಸ್ಪತ್ರೆಯಾದರೆ, ಗರ್ಭಪಾತಕ್ಕೆ ಅನುಮತಿ ಪಡೆದ ಪ್ರಮಾಣಪತ್ರವನ್ನು ಬಂದವರಿಗೆ ಕಾಣುವಂತೆ ತೂಗುಹಾಕಿರಬೇಕು. ಒಳಗೆ ಹೋದಾಗ ಗೋಡೆಯ ಮೇಲೆ ಕಣ್ಣಾಡಿಸಿ. ಸರ್ಕಾರಿ ಆಸ್ಪತ್ರೆಗೆ ಆ ಪ್ರತ್ಯೇಕ ಅನುಮತಿ ಬೇಕಿಲ್ಲ. ಎಲ್ಲಿ ಹೋಗಬೇಕೆಂದು ತೋಚದವರು ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಹೆಸರು ಬೇಡ, ಬೇಲೂರು ತಾಲ್ಲೂಕು

ಮೂವರಿಗೂ ಕೈಮುಗಿಯುತ್ತೇನೆ. ಯಜಮಾನರಿಗೂ ಓದಿ ಹೇಳಿದೆ. ನನ್ನ ಗುಂಪು ಓ ಪಾಸಿಟಿವ್ ಎಂದು ತಾಯಿ ಕಾರ್ಡಿನಲ್ಲಿದೆ. ಇನ್ನೆರಡು ಪ್ರಶ್ನೆ ಉಳಿದಿವೆ. ಸಂಜೆ ಬಸ್ಸಿಗೆ ಬರಬಹುದೇ, ಬೈಕೇ ಒಳ್ಳೆಯದೇ? ಮತ್ತೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ವಂಕಿಯನ್ನು ಅಂದೇ ಹಾಕುತ್ತೇವೆ ಎಂದು ಡಾಕ್ಟರು ಹೇಳಿದ್ದರು, ಒಂದೇ ದಿನ ಎರಡೂ ಆದರೆ ಮೈ ತಡೆಯುತ್ತದೆಯೇ?

ನಿವೃತ್ತ ಸ್ಟಾಫ್ ನರ್ಸ್, ಹಾಸನ

ತಡೆಯುತ್ತದೆ, ತಾಯಿ. ಸೋಂಕಿನ ಲಕ್ಷಣವಿಲ್ಲದಿದ್ದರೆ ಅದೇ ಮೇಜಿನ ಮೇಲೆ ವಂಕಿ ಹಾಕಬಹುದು, ಗರ್ಭಕೊರಳು ಆಗಲೇ ತೆರೆದಿರುವುದರಿಂದ ನಿಮಗೆ ಬೇರೆ ನೋವಿಲ್ಲ. 380ಎ ಎಂಬ ಕಾಪರ್-ಟಿ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದ ದಿನ ತೆಗೆಸಬಹುದು. ಮುಟ್ಟು ಮರಳಲು ನಾಲ್ಕರಿಂದ ಎಂಟು ವಾರ ಹಿಡಿದೀತು, ಆದರೆ ಗರ್ಭ ನಿಲ್ಲುವ ಶಕ್ತಿ ಎರಡು ವಾರದೊಳಗೇ ಮರಳುತ್ತದೆ. ಮುಟ್ಟು ಬರಲಿ ನೋಡೋಣ ಎಂದು ಕಾದು ಮತ್ತೆ ಬಂದವರನ್ನು ನಾನು ಬಹಳ ಜನ ನೋಡಿದ್ದೇನೆ. ಆದರೂ ವಂಕಿ ಹಾಕಿಸಿಕೊಳ್ಳುವುದು, ಬಿಡುವುದು ನಿಮ್ಮಿಷ್ಟ. ಅದಕ್ಕೆ ಒಪ್ಪಿದರೆ ಮಾತ್ರ ಗರ್ಭ ತೆಗೆಯುತ್ತೇವೆ ಎಂದು ಯಾರೂ ಹೇಳುವಂತಿಲ್ಲ.

ಬೈಕ್ ಬೇಡ. ಅರಿವಳಿಕೆಯ ಮಂಪರು ಸಂಜೆಯವರೆಗೂ ಉಳಿದಿರುತ್ತದೆ, ಹಿಂದೆ ಕೂತವರಿಗೆ ಹಿಡಿತ ತಪ್ಪುತ್ತದೆ. ಬಾಡಿಗೆ ಕಾರು ಸಿಕ್ಕಿದರೆ ಒಳ್ಳೆಯದು. ಇಲ್ಲವಾದರೆ ಜೊತೆಗೊಬ್ಬರನ್ನು ಇಟ್ಟುಕೊಂಡು, ಸೀಟು ಸಿಗುವ ಬಸ್ಸಿಗೆ ಕಾದು ಬನ್ನಿ. ಹಾಸನದಿಂದ ಬೇಲೂರಿಗೆ ಸುಮಾರು ನಲವತ್ತು ಕಿಲೋಮೀಟರ್ ನಿಂತುಕೊಂಡು ಹೋಗುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಮಾರನೆಯ ದಿನ ಸ್ನಾನ ಮಾಡಿ, ಮೊಸರು ಹುಳಿ ಎಂದು ಪಥ್ಯ ಬೇಡ, ಸೊಪ್ಪು ಕಾಳು ಮೊಟ್ಟೆ ಎಲ್ಲವನ್ನೂ ತಿನ್ನಿ, ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ. ಗುರುವಾರ ಬೆಳಿಗ್ಗೆ ಹೊರಡುವ ಮೊದಲು ಮಗನಿಗೆ ಹೊಟ್ಟೆತುಂಬ ಹಾಲುಣಿಸಿ, ವರದಿಯನ್ನು ಆ ಪುಸ್ತಕದಿಂದ ತೆಗೆದು ಚೀಲದಲ್ಲಿಟ್ಟುಕೊಳ್ಳಿ.