‘ಆನ್‌ಲೈನ್ ಹೆಲ್ಪ್’ ಮತ್ತು ‘ಡಾಕ್ಯುಮೆಂಟೇಶನ್’: ತಂತ್ರಾಂಶದ ಸಹಾಯಪುಟಗಳಿಗೆ ಒಪ್ಪುವ ಪದಗಳು ಯಾವುವು?

ಮಾನ್ಯರೇ,

ತಂತ್ರಾಂಶಗಳ ಸಹಾಯಪುಟಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವವರಿಗೆ ಪದೇಪದೇ ಎದುರಾಗುವ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

ಮೊದಲನೆಯದು ‘ಆನ್‌ಲೈನ್ ಹೆಲ್ಪ್’. ಇದನ್ನು ‘ಅಂತರ್ಜಾಲ ಸಹಾಯ’ ಎಂದು ಬರೆದಿರುವುದನ್ನು ನೋಡಿದ್ದೇನೆ. ಅದು ಎಲ್ಲ ಕಡೆಯೂ ಸಲ್ಲುವುದಿಲ್ಲ ಎಂಬುದು ನನ್ನ ಆಕ್ಷೇಪ. ಈ ಬಳಕೆ ಜಾಲತಾಣಗಳಿಗಿಂತ ಹಳೆಯದು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರಿನದು. ಅಂತಹ ಕೈಪಿಡಿಯ ಪುಟಗಳನ್ನು ‘ಮ್ಯಾನ್’ ಎಂಬ ಆದೇಶ ಕೊಟ್ಟು ಟರ್ಮಿನಲ್‌ನಲ್ಲಿಯೇ (ಆದೇಶಗಳನ್ನು ಟೈಪಿಸುವ ಸಾಧನದಲ್ಲಿಯೇ) ಓದುವಂತಾದಾಗ, ಮುದ್ರಿತ ಪುಸ್ತಕದಿಂದ ಬೇರೆಯಾಗಿ ಗುರುತಿಸಲು ‘ಆನ್‌ಲೈನ್’ ಎಂಬ ವಿಶೇಷಣ ಬಂದಿತು. 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ವಿನ್‌ಹೆಲ್ಪ್ ಎಂಬ ಸಹಾಯ ವ್ಯವಸ್ಥೆಯ ಕಡತಗಳೂ ಬಳಕೆದಾರರ ಡಿಸ್ಕಿನಲ್ಲಿಯೇ ಇರುತ್ತಿದ್ದವು, ಆದರೂ ಅವು ‘ಆನ್‌ಲೈನ್ ಹೆಲ್ಪ್’ ಎನಿಸಿಕೊಂಡವು. ಅಂದರೆ ಮೂಲದಲ್ಲಿ ಈ ಮಾತಿನ ಅರ್ಥ ‘ಕೆಲಸ ಮಾಡುತ್ತಿರುವ ಪರದೆಯ ಮೇಲೆಯೇ ಸಿಗುವ ಸಹಾಯ’ ಎಂದಷ್ಟೇ.

ಈ ವ್ಯತ್ಯಾಸ ಇಂದಿಗೂ ಮುಖ್ಯವೆನ್ನಲು ಲಿಬ್ರೆಆಫೀಸ್ ಎಂಬ ಕಚೇರಿ ಕೆಲಸಗಳ ತಂತ್ರಾಂಶ ಒಳ್ಳೆಯ ಉದಾಹರಣೆ. ವಿಂಡೋಸ್‌ನಲ್ಲಿ ಅದರ ಸಹಾಯದ ಕಡತಗಳನ್ನು ಪ್ರತ್ಯೇಕವಾಗಿ ಇಳಿಸಿಕೊಂಡು ಅನುಸ್ಥಾಪಿಸಬೇಕು. ಹಾಗೆ ಮಾಡಿದ್ದರೆ ಎಫ್1 ಕೀಲಿಯನ್ನು ಒತ್ತಿದಾಗ ನಮ್ಮ ಗಣಕದಲ್ಲಿರುವ ಪುಟವೇ ತೆರೆದುಕೊಳ್ಳುತ್ತದೆ. ಮಾಡಿರದಿದ್ದರೆ ಅದೇ ಕೀಲಿ ಜಾಲತಾಣದ ಪುಟಕ್ಕೆ ಕರೆದೊಯ್ಯುತ್ತದೆ. ಸಂಪರ್ಕವಿಲ್ಲದ ಊರಿನ ಶಾಲೆಯೊಂದರಲ್ಲಿ ಕುಳಿತಿರುವ ಶಿಕ್ಷಕರಿಗೆ ‘ಅಂತರ್ಜಾಲ ಸಹಾಯ’ ಎಂಬ ಶೀರ್ಷಿಕೆ ಕಂಡರೆ, ತಮ್ಮ ಗಣಕದಲ್ಲಿಯೇ ಇರುವ ಪುಟಗಳನ್ನು ಅವರು ತೆರೆದು ನೋಡುವ ಗೋಜಿಗೆ ಹೋಗಲಾರರು. ಆದ್ದರಿಂದ ಒಟ್ಟು ವ್ಯವಸ್ಥೆಗೆ ‘ಸಹಾಯ’ ಎಂದಷ್ಟೇ ಕರೆದು, ಸಂಪರ್ಕ ಬೇಕಾದಲ್ಲಿ ಮಾತ್ರ ‘ಜಾಲತಾಣದಲ್ಲಿನ ಸಹಾಯ’ ಎನ್ನುವುದು ಸರಿಯೆಂದು ನನಗೆ ತೋರುತ್ತದೆ. ‘ನೆರವು’ ಅಚ್ಚಗನ್ನಡ ಪದವಾದರೂ, ಪತ್ರಿಕೆಗಳ ಬಳಕೆಯಿಂದಾಗಿ ಅದು ಹಣದ ನೆರವನ್ನೇ ಮೊದಲು ನೆನಪಿಗೆ ತರುತ್ತದೆ.

ಎರಡನೆಯದು ‘ಡಾಕ್ಯುಮೆಂಟೇಶನ್’, ಅಂದರೆ ತಂತ್ರಾಂಶವನ್ನು ಬಳಸುವ ಬಗೆಯನ್ನು ವಿವರಿಸುವ ಬರಹಗಳು. ನನಗೆ ಹೆಚ್ಚು ತೊಡಕೆನಿಸಿರುವುದು ಇದೇ. ‘ದಸ್ತಾವೇಜು’ ಎಂದರೆ ಉಪನೋಂದಣಾಧಿಕಾರಿಗಳ ಕಚೇರಿಯ ಕ್ರಯಪತ್ರ ಕಣ್ಣಮುಂದೆ ಬರುತ್ತದೆ. ‘ದಾಖಲೆ’ ಎಂಬುದು ನಡೆದುಹೋದುದರ ಲಿಖಿತ ಸಾಕ್ಷಿ. ‘ದಾಖಲೀಕರಣ’ವೂ ಜನಪದ ಹಾಡುಗಳನ್ನು ಧ್ವನಿಮುದ್ರಿಸಿಡುವಂತಹ ಕೆಲಸಕ್ಕೆ ಒಪ್ಪುತ್ತದೆಯೇ ಹೊರತು, ಹೊಸ ಆವೃತ್ತಿ ಬಂದಾಗಲೆಲ್ಲ ತಿದ್ದಬೇಕಾದ ಸೂಚನೆಗಳಿಗೆ ಒಪ್ಪುವುದಿಲ್ಲ. ‘ಕೈಪಿಡಿ’ ಎಲ್ಲರಿಗೂ ಗೊತ್ತಿರುವ ಪದ, ಆದರೆ ಅದು ಆದಿಯಿಂದ ಅಂತ್ಯದವರೆಗೆ ಓದುವ ಪುಸ್ತಕವನ್ನು ಸೂಚಿಸುತ್ತದೆ. ಸಹಾಯಪುಟವನ್ನಾದರೋ ಬಳಕೆದಾರರು ಒಂದು ತೊಂದರೆಯ ನಡುವೆ, ಹುಡುಕಾಟದ ಮೂಲಕ, ಮಧ್ಯದಿಂದಲೇ ಪ್ರವೇಶಿಸುತ್ತಾರೆ. ‘ಬಳಕೆಯ ಮಾಹಿತಿ’ ಎಂದರೆ ಸಾಲದೇ?

ಪದ ಯಾವುದೇ ಆಗಲಿ, ಅದು ಮೆನುವಿನೊಂದಿಗೆ ಹೊಂದಬೇಕು. ಮೆನುವಿನಲ್ಲಿ ‘ಉಳಿಸು’ ಎಂದಿರುವಾಗ ಸಹಾಯಪುಟದಲ್ಲಿ ಗೌರವಾರ್ಥವಾಗಿ ‘ಉಳಿಸಿ ಗುಂಡಿಯನ್ನು ಒತ್ತಿರಿ’ ಎಂದು ಬರೆದರೆ ಓದುಗರು ಪರದೆಯ ಮೇಲೆ ಇಲ್ಲದ ಪದವನ್ನು ಹುಡುಕುತ್ತಾರೆ. ನಾನು ‘ಉಳಿಸು’ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇಟ್ಟು, ಮುಂದೆ ‘ಎಂಬುದನ್ನು ಒತ್ತಿರಿ’ ಎಂದು ಬರೆಯುತ್ತೇನೆ. ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆದರೆ ದಾರಿ ತಪ್ಪಿಸುವುದಿಲ್ಲ. ತಂತ್ರಾಂಶದ ಹೆಸರಿಗೂ ಇದೇ ಕ್ರಮ ಬೇಕು. ಲಿಬ್ರೆಆಫೀಸ್‌ನ ಮೂಲಪಠ್ಯದಲ್ಲಿ ಹೆಸರಿನ ಜಾಗದಲ್ಲಿ ಒಂದು ಸಂಕೇತವಷ್ಟೇ ಇರುತ್ತದೆ, ಹೆಸರು ಆಮೇಲೆ ಬಂದು ಕೂರುತ್ತದೆ. ಆ ಸಂಕೇತಕ್ಕೆ ನೇರವಾಗಿ ವಿಭಕ್ತಿ ಪ್ರತ್ಯಯ ಹಚ್ಚಿದರೆ, ಹೆಸರು ವ್ಯಂಜನದಿಂದ ಮುಗಿಯುವುದೋ ಸ್ವರದಿಂದ ಮುಗಿಯುವುದೋ ತಿಳಿಯದೆ ‘ನಲ್ಲಿ’, ‘ಯಲ್ಲಿ’, ‘ವಿನಲ್ಲಿ’ಗಳ ನಡುವೆ ಊಹೆ ಮಾಡಬೇಕಾಗುತ್ತದೆ. ‘ತಂತ್ರಾಂಶದಲ್ಲಿ’ ಎಂಬ ಪದವನ್ನು ಹೆಸರಿನ ನಂತರ ಸೇರಿಸಿ ಪ್ರತ್ಯಯವನ್ನು ಅದಕ್ಕೇ ವಹಿಸುವುದು ಸುರಕ್ಷಿತ.

ಡಾಕ್ಯುಮೆಂಟೇಶನ್‌ಗೆ ‘ಬಳಕೆಯ ಮಾಹಿತಿ’ಗಿಂತ ಅಡಕವಾದ ಪದವೊಂದು ತಮ್ಮ ಬಳಕೆಯಲ್ಲಿದ್ದರೆ, ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಪ್ರಯೋಗಿಸಿ ತಿಳಿಸಬೇಕೆಂದು ಕೋರುತ್ತೇನೆ.