‘ಅನಧಿಕೃತ’ ಎಂದರೆ ಕಂಪನಿಯದಲ್ಲ ಎಂದೋ, ಕಾನೂನುಬಾಹಿರ ಎಂದೋ?

ಬಳಗದವರಿಗೆ ನಮಸ್ಕಾರ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದವರಿಗಾಗಿ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಪಾತ್ರದ ವಿವರ ಬರೆದಿಟ್ಟುಕೊಳ್ಳಬಹುದು, ದಾಳ ಉರುಳಿಸಬಹುದು, ಮಂತ್ರಗಳ ಪಟ್ಟಿ ನೋಡಬಹುದು, ಅಷ್ಟೇ. ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಕೋಡ್ ಬರೆಯುವವರು ಬೇರೆ, ಪರದೆಯ ಮೇಲಿನ ಕನ್ನಡ ನನ್ನ ಪಾಲು. ಬಟನ್‌ಗಳ ಹೆಸರೆಲ್ಲ ಸಲೀಸಾಗಿ ಮುಗಿದವು. ‘ಈ ಆ್ಯಪ್ ಬಗ್ಗೆ’ ಎಂಬ ಪುಟಕ್ಕೆ ಬಂದು ನಿಂತಿದ್ದೇನೆ.

ಆಟದ ಕಂಪನಿ ಇದನ್ನು ಹೊರತಂದಿಲ್ಲ ಎಂದು ಅಲ್ಲಿ ಹೇಳಬೇಕು. ಇಂಗ್ಲಿಷ್ ಆ್ಯಪ್‌ಗಳು ‘ಅನ್‌ಅಫಿಶಿಯಲ್’ ಎಂದು ಬರೆದು ಮುಗಿಸುತ್ತವೆ. ಕನ್ನಡದಲ್ಲಿ ‘ಇದು ಅನಧಿಕೃತ ಆ್ಯಪ್’ ಎಂದು ಬರೆದೆವು. ಓದಿದ ಗೆಳೆಯರೊಬ್ಬರು, ‘ಹಾಗಾದ್ರೆ ಇನ್‌ಸ್ಟಾಲ್ ಮಾಡ್ಕೊಂಡ್ರೆ ತೊಂದ್ರೆ ಏನೂ ಇಲ್ವಾ?’ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ನ್ಯಾಯವಿದೆ. ಪತ್ರಿಕೆಗಳಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೆ ನೋಡಿ: ಅನಧಿಕೃತ ಕಟ್ಟಡ, ಅನಧಿಕೃತ ಗೈರುಹಾಜರಿ, ಅನಧಿಕೃತ ಫ್ಲೆಕ್ಸ್. ಇವುಗಳ ಹಿಂದೆಯೇ ‘ತೆರವು’ ಅಥವಾ ‘ದಂಡ’ ಬಂದೇ ಬರುತ್ತದೆ. ‘ಅನಧಿಕೃತ ಮೂಲಗಳ ಪ್ರಕಾರ’ ಎಂದಾಗ ಮಾತ್ರ ಅದರಲ್ಲಿ ಅಪರಾಧದ ವಾಸನೆ ಇಲ್ಲ. ಸಂಸ್ಥೆಯದಲ್ಲದ್ದು, ಅನುಮತಿ ಇಲ್ಲದ್ದು, ಈ ಎರಡನ್ನೂ ಒಂದೇ ಪದದ ತಲೆಗೆ ಕಟ್ಟಿದ್ದೇವೆ. ಅದರ ಜೋಡಿಪದವೂ ಹಾಗೆಯೇ: ‘ಅಧಿಕೃತ ಪ್ರಕಟಣೆ’ಯ ಅಧಿಕೃತ ಬೇರೆ, ‘ಅಧಿಕೃತ ಮಾರಾಟಗಾರ’ರ ಅಧಿಕೃತ ಬೇರೆ.

ಇದು ಕೂದಲು ಸೀಳುವ ಚರ್ಚೆ ಎನಿಸಬಹುದು. ಆದರೆ ಈ ಆಟದ ಲೋಕದಲ್ಲಿ ದೊಡ್ಡ ಗಲಾಟೆ ನಡೆದದ್ದೇ ಈ ಪದದ ಸುತ್ತ. 2000ರಲ್ಲಿ ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ, ಆಟದ ನಿಯಮಗಳನ್ನು ಬೇರೆಯವರೂ ಬಳಸಲೆಂದು ಓಪನ್ ಗೇಮ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿ ತಂದಿತು. ಅದರ 1.0ಎ ಆವೃತ್ತಿಯಲ್ಲಿ ‘ಈ ಪರವಾನಗಿಯ ಯಾವುದೇ ಅಧಿಕೃತ ಆವೃತ್ತಿಯನ್ನು ಬಳಸಬಹುದು’ ಎಂಬ ಅರ್ಥದ ಮಾತಿದೆ. ಅಲ್ಲಿದ್ದ ಇಂಗ್ಲಿಷ್ ಪದ ‘ಆಥರೈಸ್ಡ್’. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 2023ರ ಜನವರಿಯಲ್ಲಿ ಹೊಸ ಕರಡೊಂದು ಸೋರಿಕೆಯಾಯಿತು, 1.0ಎ ಇನ್ನು ಮುಂದೆ ‘ಆಥರೈಸ್ಡ್’ ಅಲ್ಲ ಎಂದು ಅದರಲ್ಲಿತ್ತು. ಹಳೆಯ ಪರವಾನಗಿಯಲ್ಲಿ ‘ಶಾಶ್ವತ’ ಎಂಬರ್ಥದ ಪದವಿತ್ತು, ‘ಹಿಂಪಡೆಯಲಾಗದ’ ಎಂಬುದು ಇರಲಿಲ್ಲ. ಶಾಶ್ವತವಾಗಿ ಕೊಟ್ಟದ್ದನ್ನು ವಾಪಸು ಕೇಳಬಹುದೇ ಎಂದು ಆಟಗಾರರೂ ವಕೀಲರೂ ವಾದಕ್ಕಿಳಿದರು. ಆ ತಿಂಗಳ 27ರಂದು ಕಂಪನಿ ಹಿಂದೆ ಸರಿದು ಹಳೆಯ ಪರವಾನಗಿಯನ್ನು ಇದ್ದಂತೆಯೇ ಬಿಟ್ಟಿತು. ಜೊತೆಗೆ ಸುಮಾರು 400 ಪುಟಗಳ ಮೂಲ ನಿಯಮಾವಳಿಯನ್ನು, ಅಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 ಅನ್ನು, ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಡಿ ಬಿಟ್ಟುಕೊಟ್ಟಿತು. ಈ ಪರವಾನಗಿಯಲ್ಲಿ ‘ಹಿಂಪಡೆಯಲಾಗದ’ ಎಂದು ಸ್ಪಷ್ಟವಾಗಿದೆ. ನಮ್ಮ ಆ್ಯಪ್ ನಿಂತಿರುವುದು ಇದರ ಮೇಲೆ.

‘ಪರವಾನಗಿ’ಯಲ್ಲೂ ನನಗೆ ಸ್ವಲ್ಪ ಇರುಸುಮುರುಸು ಇದೆ. ಪರವಾನಗಿ ಎಂದರೆ ಅರ್ಜಿ ಹಾಕಿ, ಕಾದು, ತೆಗೆದುಕೊಳ್ಳುವಂಥದ್ದು. ಇಲ್ಲಿ ಯಾರೂ ಯಾರನ್ನೂ ಕೇಳಬೇಕಿಲ್ಲ, ಷರತ್ತು ಪಾಲಿಸಿದರೆ ಸಾಕು. ಆದರೂ ‘ಮುಕ್ತ ಪರವಾನಗಿ’ ಎಂಬುದು ಈಗಾಗಲೇ ಬಳಕೆಯಲ್ಲಿ ನೆಲೆಯೂರಿದೆ, ಅದನ್ನು ಕೀಳುವುದು ಬೇಡ. ಕಾಪಿರೈಟ್‌ಗೆ ಇರುವ ‘ಹಕ್ಕುಸ್ವಾಮ್ಯ’, ‘ಕೃತಿಸ್ವಾಮ್ಯ’, ‘ಗ್ರಂಥಸ್ವಾಮ್ಯ’ ಮೂರರಲ್ಲಿ ಮೊದಲನೆಯದನ್ನು ಆರಿಸಿದ್ದೇವೆ. ಆ್ಯಪ್‌ಗೆ ಗ್ರಂಥ ಎನ್ನಲು ನಾಲಿಗೆ ಹೊರಳದು.

ಹೆಚ್ಚು ತಲೆ ತಿಂದದ್ದು ‘ನಿಯಮ’. ಆಟ ಆಡುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಬರೆದ ಮಾತುಗಳಿಗೆ ಇದೆ ಎಂಬುದು ಕಾನೂನಿನ ಹಳೆಯ ನಿಲುವು. ಲೆಕ್ಕ ಬರೆಯುವ ಪದ್ಧತಿಯನ್ನು ವಿವರಿಸುವ ಪುಸ್ತಕಕ್ಕೆ ಸ್ವಾಮ್ಯವುಂಟು, ಪದ್ಧತಿಗೆ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1879ರಲ್ಲೇ ಹೇಳಿದೆ. ಕನ್ನಡದಲ್ಲಿ ಆಡುವ ವಿಧಾನವೂ ನಿಯಮ, ಅಚ್ಚಾದ ಸಾಲೂ ನಿಯಮ. ಫೈರ್‌ಬಾಲ್ ಎಂಬ ಮಂತ್ರವನ್ನೇ ತೆಗೆದುಕೊಳ್ಳಿ. 150 ಅಡಿ ದೂರದವರೆಗೆ ಎಸೆಯಬಹುದು. ಸಿಡಿದ ಜಾಗದಿಂದ ಸುತ್ತ 20 ಅಡಿಯೊಳಗೆ ಇದ್ದವರಿಗೆಲ್ಲ ಬೆಂಕಿ ತಾಗುತ್ತದೆ. ಆರು ಮುಖದ ಎಂಟು ದಾಳ ಉರುಳಿಸಿ ಬಂದ ಮೊತ್ತವೇ ಪೆಟ್ಟು, ಚುರುಕಾಗಿ ಸರಿದವರಿಗೆ ಅರ್ಧ. ಇಷ್ಟು ವಿಧಾನ. ಬೆಂಕಿ ಬೆರಳಿನಿಂದ ಹೊರಟು ಹೇಗೆ ಅರಳಿತು ಎಂಬ ವರ್ಣನೆ ಪುಸ್ತಕದಲ್ಲಿದೆಯಲ್ಲ, ಅದು ಬರೆದವರದು. (ಈ ಮಂತ್ರ ಮುಕ್ತ ದಾಖಲೆಯಲ್ಲೇ ಇರುವುದರಿಂದ ಮೂಲ ಹೇಳಿ ವರ್ಣನೆಯನ್ನೂ ಬಳಸಬಹುದು. ಅದರಲ್ಲಿಲ್ಲದ ಪುಸ್ತಕಗಳ ಮಂತ್ರಗಳಿಗೆ ಆ ಸಲುಗೆ ಇಲ್ಲ.) ಅಚ್ಚಾದ ಮಾತುಗಳಿಗೆ ನಾನು ‘ಒಕ್ಕಣೆ’ ಎನ್ನುತ್ತಿದ್ದೇನೆ: ವಿಧಾನ ಎಲ್ಲರದು, ಒಕ್ಕಣೆ ಬರೆದವರದು. ‘ಪಾಠ’ ಎಂದರೆ ಶಾಲೆ ನೆನಪಾಗುತ್ತದೆ. ಒಕ್ಕಣೆ ಕಾಗದಪತ್ರಕ್ಕೆ ಮಾತ್ರ ಸಲ್ಲುತ್ತದೆ ಎನ್ನುವವರಿದ್ದರೆ ತಿಳಿಸಿ.

ನಮ್ಮ ಗುಂಪಿನಲ್ಲೇ ಒಬ್ಬರು ‘ಕನ್ನಡಕ್ಕೆ ತಂದ ಮೇಲೆ ಒಕ್ಕಣೆ ನಮ್ಮದೇ ಆಯಿತಲ್ಲ’ ಎಂದರು. ಆಗುವುದಿಲ್ಲ. ಅನುವಾದದ ಹಕ್ಕೂ ಮೂಲ ಕರ್ತೃವಿನದೇ ಎಂದು ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಹೇಳುತ್ತದೆ. ದುಡ್ಡು ತೆಗೆದುಕೊಳ್ಳದಿದ್ದರೆ ಏನೂ ಆಗದು ಎಂಬುದೂ ಅಷ್ಟೇ ಟೊಳ್ಳು. ಅಭಿಮಾನಿಗಳ ಕೆಲಸಕ್ಕೆಂದು ಇದೇ ಕಂಪನಿ ಮಾಡಿರುವ ನೀತಿಯಲ್ಲಿ ಉಚಿತವಾಗಿರಬೇಕೆಂಬುದು ಒಂದು ಷರತ್ತು ಮಾತ್ರ. ಪುಸ್ತಕದ ಸಾಲುಗಳನ್ನು ಯಥಾವತ್ ಎತ್ತಿ ಹಾಕುವುದಕ್ಕೆ ಅಲ್ಲಿ ಜಾಗವಿಲ್ಲ. ಹೆಸರುಗಳದ್ದು ಇನ್ನೊಂದು ತಕರಾರು. ‘ಬಿಗ್‌ಬೀಸ್ ಹ್ಯಾಂಡ್’ ಎಂಬ ಮಂತ್ರ ಮುಕ್ತ ದಾಖಲೆಯಲ್ಲಿ ‘ಆರ್ಕೇನ್ ಹ್ಯಾಂಡ್’ ಆಗಿದೆ, ಮಾಂತ್ರಿಕನ ಹೆಸರು ಹಾರಿಹೋಗಿದೆ. ಆದ್ದರಿಂದ ನಾವು ‘ಮಾಯಾಹಸ್ತ’ ಎಂದಿದ್ದೇವೆ, ‘ಬಿಗ್‌ಬಿಯ ಹಸ್ತ’ ಎಂದಿಲ್ಲ.

ಮೂಲದ ಹೆಸರು ಹೇಳುವ ಸಾಲಿಗೆ ‘ಕೃಪೆ’ ಎಂದು ಬರೆಯೋಣವೆಂದುಕೊಂಡೆ, ಚಿತ್ರಕೃಪೆ ಎನ್ನುವುದಿಲ್ಲವೇ? ಆದರೆ ಅದು ಅವರು ನಮ್ಮನ್ನೇ ಕರೆದು ಕೊಟ್ಟಂತೆ ಕೇಳುತ್ತದೆ. ಹೆಸರು ಹೇಳಬೇಕು, ಅವರ ಬೆಂಬಲ ನಮಗಿದೆ ಎಂಬ ಭಾವನೆ ಮಾತ್ರ ಬರಕೂಡದು. ಹಾಗಾಗಿ ಬರೀ ‘ಮೂಲ’. ಆ ದಾಖಲೆಯೇ ಅನುಮತಿಸುವ ‘ಕಂಪ್ಯಾಟಿಬಲ್ ವಿತ್ ಫಿಫ್ತ್ ಎಡಿಷನ್’ ಎಂಬುದಕ್ಕೆ ‘ಐದನೇ ಆವೃತ್ತಿಗೆ ಹೊಂದುತ್ತದೆ’. ಇಲ್ಲಿ ನನಗೆ ಅನುಮಾನವಿಲ್ಲ.

ಈಗ ಉಳಿದದ್ದು ಮೊದಲಿನ ಸಾಲು. ಸದ್ಯಕ್ಕೆ ಹೀಗಿದೆ:

‘ಈ ಆ್ಯಪ್ ಅನ್ನು ಆಟದ ಅಭಿಮಾನಿಗಳು ಸ್ವತಂತ್ರವಾಗಿ ತಯಾರಿಸಿದ್ದಾರೆ. ಆಟದ ಪ್ರಕಾಶಕರು ಇದನ್ನು ಹೊರತಂದಿಲ್ಲ, ಅನುಮೋದಿಸಿಲ್ಲ.’

‘ಅಭಿಮಾನಿ’ ಸಿನಿಮಾ ನಟರ ಜಾಡಿಗೆ ಎಳೆಯುತ್ತದೆ, ಇರಲಿ. ನನ್ನ ಆತಂಕ ‘ಅನುಮೋದಿಸಿಲ್ಲ’ದ ಬಗ್ಗೆ. ಅರ್ಜಿ ಕೊಟ್ಟಿದ್ದೆವು, ಅವರು ತಿರಸ್ಕರಿಸಿದರು ಎಂದು ಓದಿಕೊಳ್ಳುವ ಸಾಧ್ಯತೆ ಇದೆಯಲ್ಲ? ‘ಅನುಮೋದನೆ ಪಡೆದಿಲ್ಲ’ ಎಂದರೆ ಪಡೆಯಬೇಕಿತ್ತು ಎಂದಾಗುತ್ತದೆ. ‘ಪ್ರಕಾಶಕರಿಗೂ ಇದಕ್ಕೂ ಸಂಬಂಧವಿಲ್ಲ’ ಎಂಬುದು ನೇರವಾಗಿದೆ, ಆದರೆ ಏನೋ ಎಡವಟ್ಟಾದ ಮೇಲೆ ಕೈ ತೊಳೆದುಕೊಂಡ ಹಾಗಿದೆ. ಯಾರೂ ಕೇಳಿಲ್ಲ, ಯಾರೂ ನಿರಾಕರಿಸಿಲ್ಲ, ಕೇಳುವ ಅಗತ್ಯವೂ ಇಲ್ಲ ಎಂಬ ಸ್ಥಿತಿಯನ್ನು ಹೇಳುವ ಕ್ರಿಯಾಪದ ನಮ್ಮಲ್ಲಿ ಯಾವುದಿದೆ? ಮುದ್ರಣ, ಪ್ರಕಾಶನದಲ್ಲಿ ಪಳಗಿದವರು ಇಂಥ ಸಾಲನ್ನು ಹೇಗೆ ಬರೆಯುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.