ತಮ್ಮ ಮತ್ತೆ ಕಾಲೇಜಿಗೆ ಹೊರಟಿದ್ದಾನೆ, ನಾವು ಹೇಗಿರಬೇಕು?

ಕುಂಬಳೆಯ ಅಕ್ಕ:
ತಮ್ಮ ಎಂಡಿಎಂಎ ಅನ್ನುವ ಮಾದಕ ವಸ್ತು ಬಿಟ್ಟು ನಾಲ್ಕು ತಿಂಗಳಾಯ್ತು. ಸೋಮವಾರದಿಂದ ಮಂಗಳೂರಿನ ಕಾಲೇಜು. ಹಾಸ್ಟೆಲ್ ಬೇಡ, ದಿನಾ ರೈಲಲ್ಲೇ ಹೋಗಿ ಬರ್ತೇನೆ ಅಂತಾನೆ. ಅಮ್ಮನಿಗೋ, ಅವನು ಅಂಗಡಿಗೆ ಹೋಗಿ ಬಂದರೂ ಜೇಬು ತಡಕಬೇಕು. ನಿನ್ನೆ ಅರ್ಧ ಊಟ ಬಿಟ್ಟು ಎದ್ದ. ನಂಬುವುದೋ, ಕಾವಲು ಕಾಯುವುದೋ?

ಬದಿಯಡ್ಕದ ಮಾಸ್ಟ್ರು:
ಜೇಬು ಬಿಡಿ ತಂಗೀ. ಕ್ಲಾಸು ಮುಗಿದು ರೈಲು ಬರುವವರೆಗಿನ ಹೊತ್ತು ನೋಡಿ, ಹಳೇ ಗೆಳೆಯರು ಸಿಗುವುದು ಆಗಲೇ. ಆ ಹೊತ್ತಿಗೆ ಟ್ಯೂಷನ್ನೋ ಜಿಮ್ಮೋ ಏನಾದರೂ ಇರಲಿ.

ಹೆಸರು ಬೇಡ:
ನಾನೂ ಅದೇ ದಾರಿಯವ, ಬಿಟ್ಟು ಎರಡು ವರ್ಷ. ಪರೀಕ್ಷೆ ಸಮಯ ನಿದ್ದೆಗೆಟ್ಟರೆ ಆಸೆ ಏಳ್ತದೆ. ಒಮ್ಮೆ ಜಾರಿದ್ದೆ. ಅಣ್ಣನಿಗೆ ಫೋನು ಮಾಡಿದೆ. ಬೈಯಲಿಲ್ಲ, ಮಂಜೇಶ್ವರ ಸ್ಟೇಷನಿಗೆ ಬೈಕಲ್ಲಿ ಬಂದ, ಮರುದಿನ ಡಾಕ್ಟರ ಹತ್ತಿರ ಕರ್ಕೊಂಡು ಹೋದ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405. ಮಲಯಾಳ ಕಷ್ಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಅದರಲ್ಲಿ ಕನ್ನಡವೂ ಉಂಟು.

ಕುಂಬಳೆಯ ಅಕ್ಕ:
ಅಮ್ಮನಿಗೆ ಓದಿ ಹೇಳಿದೆ. "ಜೇಬು ಮುಟ್ಟುವುದಿಲ್ಲ. ಬ್ಯಾಗು?" ಅಂತ ಕೇಳಿದರು!